ಫ್ರೀಮಾಂಟ್, ಹೇವರ್ಡ್ ಕಡೆ ಮನೆ ಹುಡುಕ್ತಿರೋ ಹೊಸಬರಿಗೆ: ಭೂಕಂಪದ ಒಂದೇ ಒಂದು ನೂಕಿನ ವಿಷಯ

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾಗೆ ಹೊಸದಾಗಿ ಬಂದೋರು ಮನೆ ನೋಡುವಾಗ ಸ್ಕೂಲ್ ರೇಟಿಂಗ್ ಕೇಳ್ತಾರೆ, ಬಾರ್ಟ್ ರೈಲಿನ ಸ್ಟೇಷನ್ ಎಷ್ಟು ದೂರ ಅಂತಾರೆ, ಇಂಡಿಯನ್ ಅಂಗಡಿ ಎಲ್ಲಿದೆ ಅಂತಾರೆ, ಆದ್ರೆ ಫಾಲ್ಟ್ ಲೈನ್, ಅಂದ್ರೆ ಭೂಕಂಪದಲ್ಲಿ ಎರಡೂ ಕಡೆಯ ನೆಲ ಜಾರೋ ಸೀಳು, ಎಲ್ಲಿದೆ ಅಂತ ಕೇಳಿದೋರು ಬೆರಳೆಣಿಕೆಯಷ್ಟೇ. ಅವರ ತಪ್ಪಲ್ಲ ಬಿಡಿ, ನಮ್ಮ ಕಡೆ ಭೂಕಂಪ ಅಂದ್ರೆ ಪೇಪರಲ್ಲಿ ಓದೋ ವಿಷಯ, ಬೀದರ್ ಕಲಬುರಗಿ ಕಡೆಯೋರಿಗೆ ಮಾತ್ರ 1993ರ ಕಿಲ್ಲಾರಿ ನೆನಪಿರುತ್ತೆ.

ಇಲ್ಲಿ ಎರಡು ಮೂರು ಸಣ್ಣ ನಡುಕ ಆಗಿ, ಕಿಟಕಿ ಗಡಗಡ ಅಂದು ಸುಮ್ಮನಾದ ಮೇಲೆ ಇಷ್ಟೇನಾ ಅನ್ಸುತ್ತೆ. ದಯವಿಟ್ಟು ಹಾಗೆ ಅನ್ಕೋಬೇಡಿ. ಫಾಲ್ಟ್ ಪಕ್ಕದಲ್ಲಿರೋರಿಗೆ ದೊಡ್ಡ ಭೂಕಂಪದಲ್ಲಿ ಬರೋದು ಬರೀ ನಡುಕ ಅಲ್ಲ, ಶುರುವಲ್ಲೇ ಒಂದು ದೊಡ್ಡ ನೂಕು. ಹಳ್ಳಿ ರಸ್ತೇಲಿ ಬಸ್ಸು ಕುಲುಕ್ತಾ ಹೋದ್ರೆ ಕಂಬಿ ಹಿಡ್ಕೊಂಡು ನಿಂತಿರ್ತೀವಿ, ಅದೇ ಡ್ರೈವರ್ ಗಕ್ಕನೆ ಬ್ರೇಕ್ ಒತ್ತಿದ್ರೆ ಮುಂದಿನೋರ ಮೇಲೆ ಬೀಳ್ತೀವಲ್ಲ, ಕಟ್ಟಡಕ್ಕೂ ಹಾಗೇ. ಇಂಜಿನಿಯರುಗಳು ಇದನ್ನ ಪಲ್ಸ್ ಅಂತಾರೆ.

ಯಾಕೆ ಹೀಗೆ ಅಂದ್ರೆ, ಬಿರುಕು ಒಂದು ಕಡೆ ಶುರುವಾಗಿ ಫಾಲ್ಟ್ ಉದ್ದಕ್ಕೂ ಸೆಕೆಂಡಿಗೆ ಎರಡು ಮೂರು ಕಿಲೋಮೀಟರ್ ಓಡುತ್ತೆ, ಅದರಿಂದ ಹೊರಡೋ ಅಲೆಗಳದ್ದೂ ಹೆಚ್ಚುಕಮ್ಮಿ ಅದೇ ಸ್ಪೀಡು, ಹಾಗಾಗಿ ಬಿರುಕು ಯಾವ ಕಡೆ ಓಡ್ತಿದೆಯೋ ಆ ಕಡೆ ಇರೋರಿಗೆ ಎಲ್ಲಾ ಅಲೆ ಒಟ್ಟಿಗೇ ಬಂದು ಬಡಿಯುತ್ತೆ. ದಕ್ಷಿಣ ಕ್ಯಾಲಿಫೋರ್ನಿಯಾದ 1992ರ ಲ್ಯಾಂಡರ್ಸ್ ಭೂಕಂಪದಲ್ಲಿ ಬಿರುಕು ಶುರುವಾಗಿದ್ದು ಜೋಶುವಾ ಟ್ರೀ ಹತ್ತಿರ, ಓಡಿದ್ದು ಉತ್ತರಕ್ಕೆ. ಹತ್ತಿರದ ಜೋಶುವಾ ಟ್ರೀಲಿ ಅಲುಗಾಟ ತುಂಬಾ ಹೊತ್ತು ಇತ್ತು ಆದ್ರೆ ಆ ನೂಕು ಇರ್ಲಿಲ್ಲ, 40 ಕಿಲೋಮೀಟರಿಗಿಂತ ಆಚೆ ಫಾಲ್ಟ್ ಮಗ್ಗುಲಲ್ಲೇ ಇದ್ದ ಲೂಸರ್ನ್ ಅನ್ನೋ ಕಡೆಯ ನಡುಕ ಅಳೆಯೋ ಮೀಟರಲ್ಲಿ ಆ ನೂಕು ಎದ್ದು ಕಾಣುತ್ತೆ. ಅದಕ್ಕೇ ಎಪಿಸೆಂಟರ್, ಅಂದ್ರೆ ಬಿರುಕು ಶುರುವಾದ ಜಾಗ, ದೂರ ಅಂತ ಸಮಾಧಾನ ಪಡೋದು ಸರಿಯಲ್ಲ.

1994 ಜನವರಿ 17, ಬೆಳಗಿನ ಜಾವ 4:31, ಲಾಸ್ ಏಂಜಲೀಸ್ ಹತ್ತಿರ ನಾರ್ತ್‌ರಿಡ್ಜ್, ತೀವ್ರತೆ 6.7. ರಿನಾಲ್ಡಿ ಅನ್ನೋ ಕಡೆ ನೆಲ ಸೆಕೆಂಡಿಗೆ ಒಂದೂವರೆ ಮೀಟರಿಗಿಂತ ಜಾಸ್ತಿ ವೇಗದಲ್ಲಿ ಸರಿದಿತ್ತು. ಅವತ್ತು ಕೆಳಗೆ ಪಾರ್ಕಿಂಗ್ ಇದ್ದ ಒಂದು ಅಪಾರ್ಟ್‌ಮೆಂಟಿನ ಕೆಳಮಹಡಿ ಕುಸಿದು 16 ಜನ ಹೋದ್ರು.

ಇದನ್ನ ಹೇಳ್ತಿರೋದು ಯಾಕಂದ್ರೆ ನಮ್ಮೋರು ಬಾಡಿಗೆಗೆ ಹಿಡಿಯೋ ಎಷ್ಟೋ ಹಳೇ ಅಪಾರ್ಟ್‌ಮೆಂಟ್ ಹಾಗೇ ಇವೆ, ಕೆಳಗೆ ಸಣ್ಣ ಕಂಬದ ಮೇಲೆ ಕಾರ್‌ಪೋರ್ಟ್, ಮೇಲೆ ಮನೆಗಳು. ನಾವೂ ಮೊದಲೆರಡು ವರ್ಷ ಅಂಥದ್ರಲ್ಲೇ ಇದ್ವಿ, ಯಾರೂ ಹೇಳಿರ್ಲಿಲ್ಲ. ನೋಡೋಕೆ ಹೋದಾಗ ಕೆಳಗಿನ ಅಂತಸ್ತು ಬಲಪಡಿಸಿದ್ದೀರಾ ಅಂತ ನೇರವಾಗಿ ಕೇಳಿ.

ಹೇವರ್ಡ್ ಫಾಲ್ಟ್ ಫ್ರೀಮಾಂಟ್, ಹೇವರ್ಡ್, ಓಕ್‌ಲ್ಯಾಂಡ್, ಬರ್ಕ್ಲಿ ಊರುಗಳ ಒಳಗೇ ಹಾಯ್ದು ಹೋಗುತ್ತೆ, ಕೊನೇ ಸಲ ದೊಡ್ಡದಾಗಿ ಅಲುಗಿದ್ದು 1868ರಲ್ಲಿ. ವರ್ಷಕ್ಕೆ ಕೆಲವು ಮಿಲಿಮೀಟರ್ ಸುಮ್ಮನೆ ಜಾರ್ತಾನೂ ಇರುತ್ತೆ. ಹೇವರ್ಡಲ್ಲಿ ರೋಸ್ ಸ್ಟ್ರೀಟು ಪ್ರಾಸ್ಪೆಕ್ಟ್ ಸ್ಟ್ರೀಟು ಕೂಡೋ ಮೂಲೇಲಿ ಫುಟ್‌ಪಾತಿನ ಅಂಚು ಕಲ್ಲು ಎರಡಾಗಿ ಸರಿದಿತ್ತು, ಭೂವಿಜ್ಞಾನಿಗಳು ದಶಕಗಟ್ಟಲೆ ಅದರ ಫೋಟೋ ತೆಗೀತಿದ್ರು, 2016ರಲ್ಲಿ ಸರಿಮಾಡಿಬಿಟ್ರು. ಕ್ಯಾಲಿಫೋರ್ನಿಯಾ ಜಿಯಲಾಜಿಕಲ್ ಸರ್ವೆ ಮ್ಯಾಪಲ್ಲಿ ಅಡ್ರೆಸ್ ಹಾಕಿದ್ರೆ ನಿಮ್ಮ ಮನೆ ಫಾಲ್ಟ್ ಝೋನಲ್ಲಿದೆಯಾ ಗೊತ್ತಾಗುತ್ತೆ. ಆದ್ರೆ ಆ ಝೋನ್ ನೆಲ ಸೀಳೋ ಜಾಗಕ್ಕಷ್ಟೇ, ನೂಕು ಅದರಾಚೆ ಎಷ್ಟೋ ಕಿಲೋಮೀಟರ್‌ವರೆಗೂ ಬರುತ್ತೆ. ಮನೆ ಕೊಳ್ಳೋರು ಇನ್ನೊಂದು ನೆನಪಿಟ್ಕೊಳ್ಳಿ, ಮಾಮೂಲಿ ಹೋಮ್ ಇನ್ಶೂರೆನ್ಸಲ್ಲಿ ಭೂಕಂಪ ಬರಲ್ಲ, ಬೇರೆ ತಗೋಬೇಕು.

ಫೋನಿಗೆ ಅಲರ್ಟ್ ಬರುತ್ತಲ್ಲ ಅಂತೀರಾ, ದೂರದೋರಿಗೆ ಉಪಯೋಗ ಇದೆ, ಆದ್ರೆ ಬಿರುಕು ನಿಮ್ಮ ಹತ್ತಿರದಲ್ಲೇ ಶುರುವಾದ್ರೆ ಅದಕ್ಕಿಂತ ಮೊದಲೇ ನೂಕು ಬಂದಿರಬಹುದು. ಅದಕ್ಕೇ ಇವತ್ತೇ ಮಾಡಿ: ಮಂಚದ ತಲೆ ಮೇಲಿರೋ ಗಾಜಿನ ದೇವರ ಫೋಟೋ ಬೇರೆ ಗೋಡೆಗೆ ಹಾಕಿ, ಮೇಲಿನ ಶೆಲ್ಫಲ್ಲಿರೋ ಗ್ರೈಂಡರ್ ಕೆಳಗಿಳಿಸಿ, ಪುಸ್ತಕದ ಬೀರು ಗೋಡೆಗೆ ಸ್ಕ್ರೂ ಹಾಕಿ ಬಿಗಿಸಿ.

ಊರಿಂದ ಅಪ್ಪ ಅಮ್ಮ ಬಂದ್ರೆ ಮೊದಲ ವಾರದಲ್ಲೇ ಕೂರಿಸಿ ಹೇಳಿ, ಆಚೆ ಓಡಬೇಡಿ, ಬಗ್ಗಿ ಡೈನಿಂಗ್ ಟೇಬಲ್ ಕೆಳಗೆ ಸೇರ್ಕೊಂಡು ಅದರ ಕಾಲು ಗಟ್ಟಿಯಾಗಿ ಹಿಡ್ಕೊಳ್ಳಿ, ಮಂಡಿನೋವು ಬಗ್ಗೋಕಾಗಲ್ಲ ಅಂದ್ರೆ ಕುರ್ಚೀಲೇ ಕೂತು ತಲೆ ತಗ್ಗಿಸಿ ಕತ್ತು ಕೈಯಿಂದ ಮುಚ್ಕೊಳ್ಳಿ, ಮಲಗಿದ್ರೆ ಏಳಬೇಡಿ, ದಿಂಬು ತಲೆ ಮೇಲೆ ಇಟ್ಕೊಳ್ಳಿ ಅಂತ. ಒಂದು ಸಲ ಜೊತೇಲೇ ಮಾಡಿ ತೋರಿಸಿ.