ಎನ್‌ಸಿಐಡಿ ಕ್ಲೈಂಟ್‌ನಲ್ಲಿ ಕರೆ ಮಾಡಿದವರ ನಂಬರ್ ಕಾಣ್ತಿಲ್ವಾ?

ಎನ್‌ಸಿಐಡಿ ಅಂದರೆ ಲ್ಯಾಂಡ್‌ಲೈನ್‌ಗೆ ಕರೆ ಮಾಡಿದವರ ನಂಬರನ್ನು ನೆಟ್‌ವರ್ಕ್ ಮೂಲಕ ಕಂಪ್ಯೂಟರ್‌ನಲ್ಲಿ ತೋರಿಸುವ ತಂತ್ರಾಂಶ; ಸರ್ವರ್ ನಂಬರ್ ಕಳಿಸುತ್ತದೆ, ಕ್ಲೈಂಟ್ ಅದನ್ನು ತೋರಿಸುತ್ತದೆ. ಲ್ಯಾಪ್‌ಟಾಪ್‌ನಲ್ಲಿರುವ ಎನ್‌ಸಿಐಡಿ ಕ್ಲೈಂಟ್‌ನ ಕಾನ್ಫಿಗ್ (ಸೆಟ್ಟಿಂಗ್) ಫೈಲ್ ತೆರೆದು, ಹೋಸ್ಟ್ ಸಾಲಿನ 127.0.0.1 ಅಳಿಸಿ, ಸರ್ವರ್ ಓಡುತ್ತಿರುವ ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್) ಐಪಿ ವಿಳಾಸ ಬರೆಯಿರಿ. ಪೋರ್ಟ್ 3333 ಹಾಗೇ ಇರಲಿ. 127.0.0.1 ಅಂದರೆ ಅದೇ ಲ್ಯಾಪ್‌ಟಾಪ್ ಅಲ್ವಾ, ಅಲ್ಲಿ ಸರ್ವರೇ ಇಲ್ಲ. ಬದಲಾಯಿಸುವ ಮೊದಲು ಲ್ಯಾಪ್‌ಟಾಪ್‌ನಲ್ಲಿ ಟೆಲ್‌ನೆಟ್‌ಗೆ (ಸಂಪರ್ಕ ಪರೀಕ್ಷಿಸಲು ಬಳಸುವ ಕಮಾಂಡ್) ಪೈ ಐಪಿ, 3333 ಕೊಟ್ಟು ನೋಡಿ. 200ರಿಂದ ಶುರುವಾಗುವ ಸಾಲು ಬಂದರೆ ದಾರಿ ಸರಿ ಇದೆ. ಬರದಿದ್ದರೆ ಪೈನಲ್ಲಿ ಸರ್ವರ್ ಓಡ್ತಿದೆಯಾ, ಫೈರ್‌ವಾಲ್ ತಡೀತಿದೆಯಾ ನೋಡಿ. ಸುಮ್ನೆ ಕ್ಲೈಂಟ್ ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡಬೇಡಿ. ರೂಟರ್ ಪೈಗೆ ಬೇರೆ ಐಪಿ ಕೊಟ್ಟರೆ ಮತ್ತೆ ಕೈಕೊಡುತ್ತದೆ, ಹಾಗಾಗಿ ರೂಟರ್‌ನಲ್ಲೇ ಅದರ ಐಪಿ ಕಾಯಂ ಮಾಡಿ. ಲ್ಯಾಂಡ್‌ಲೈನ್‌ಗೆ ಕಾಲರ್ ಐಡಿ ಸೌಲಭ್ಯವೇ ಇಲ್ಲದಿದ್ದರೆ ಮಾತ್ರ ಇಷ್ಟೆಲ್ಲ ಮಾಡಿದರೂ ನಂಬರ್ ಬರುವುದಿಲ್ಲ.