ಸ್ಕ್ರೀನ್ ಚಿಕ್ಕದು, ತಳದ ಕೆಲಸ ಗಟ್ಟಿ: ಫಿಶ್ ಫೈಂಡರ್, ಜಿಪಿಎಸ್ ಆರಿಸಿದ ನನ್ನ ಅನುಭವ

ಫಿಶ್ ಫೈಂಡರಿನ ಟ್ರಾನ್ಸ್‌ಡ್ಯೂಸರ್ ಅಂದರೆ ನೀರಿಗೆ ಸದ್ದು ಬಿಟ್ಟು, ತಳಕ್ಕೂ ಮೀನಿಗೂ ಬಡಿದು ಬರುವ ಪ್ರತಿಧ್ವನಿ ಹಿಡಿಯುವ ಭಾಗ. ಅದನ್ನು ಫೈಬರ್ ಬೋಟಿನ ಒಳಗಡೆಯೇ ಕೂರಿಸಿದರೆ ಸಮುದ್ರದ ತಳ ಕಾಣುವುದಿಲ್ಲ, ದುಡ್ಡು ದಂಡ ಅಂತ ಹೇಳಿದವರು ಒಬ್ಬಿಬ್ಬರಲ್ಲ. ಈಗ ಅವರಲ್ಲೇ ಕೆಲವರು ನನ್ನ ಬೋಟು ಹತ್ತಿ, ಸ್ಕ್ರೀನ್ ನೋಡಿ, ಏನೂ ಮಾತಾಡದೆ ಇಳಿದು ಹೋಗಿದ್ದಾರೆ. ಅದನ್ನು ಕೂರಿಸಿದ ಪೈಪಿನ ಅಳತೆ ಕೇಳಲು ಆಮೇಲೆ ಫೋನ್ ಮಾಡುತ್ತಾರೆ. ಎಲ್ಲರಿಗೂ ಒಂದೇ ಕಥೆ ಹೇಳಿ ಸಾಕಾಗಿದೆ, ಬರೆದೇ ಬಿಡೋಣ ಅನ್ನಿಸಿತು.

ಮೊದಲು ಬೋಟಿನಲ್ಲಿದ್ದದ್ದು 9 ಇಂಚಿನ ಕಾಂಬೊ. ಫಿಶ್ ಫೈಂಡರ್, ಜಿಪಿಎಸ್ ಎರಡೂ ಒಂದೇ ಡಬ್ಬದಲ್ಲಿ. ನೋಡಲು ಚೆಂದ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ 4000 ವ್ಯಾಟ್ ಅಂತ ಇತ್ತು. ಅದು ಪೀಕ್ ಟು ಪೀಕ್, ಅಂದರೆ ಅಲೆಯ ತುದಿಯಿಂದ ತುದಿಗೆ ಅಳೆದ ಲೆಕ್ಕ. ಎಂಟರಿಂದ ಭಾಗಿಸಿದರೆ ನಿಜವಾಗಿ ಕೆಲಸ ಮಾಡುವ ಸರಾಸರಿ (ಆರ್‌ಎಂಎಸ್) ಪವರ್ ಸಿಗುತ್ತದೆ, ಅಂದರೆ 500 ವ್ಯಾಟ್. 500 ವ್ಯಾಟ್ ಕಮ್ಮಿಯೇನಲ್ಲ, ನನ್ನ ನೀರಿಗೆ ಧಾರಾಳ ಸಾಕು. ಆದರೆ ಜೊತೆಗೆ ಪುಕ್ಕಟೆಯಾಗಿ ಬಂದ ಟ್ರಾನ್ಸ್‌ಡ್ಯೂಸರ್ ಬೆರಳುದ್ದದ ಪ್ಲಾಸ್ಟಿಕ್. ಕೊಟ್ಟ ದುಡ್ಡಿನ ಮುಕ್ಕಾಲು ಭಾಗ ಗಾಜಿಗೇ ಹೋಗಿತ್ತು.

ಆ ಟ್ರಾನ್ಸ್‌ಡ್ಯೂಸರನ್ನು ಬೋಟಿನ ಹಿಂಬದಿಗೆ ಹಾಕಿದ್ದಾಯಿತು. ನಿಧಾನಕ್ಕೆ ಹೋಗುವಾಗ ತಳ ಗೆರೆ ಎಳೆದಂತೆ ಕಾಣುತ್ತಿತ್ತು. 7-8 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ದಾಟಿದರೆ ಸ್ಕ್ರೀನ್ ತುಂಬಾ ಚುಕ್ಕೆ, ಆಳದ ಅಂಕಿ ಮಿನುಗಿ ಮಾಯ. ಕಾರಣ ಸದ್ದಿಗೆ ಅಡ್ಡ ಬರುವ ಗಾಳಿಗುಳ್ಳೆ. ಪ್ರೊಪೆಲ್ಲರಿನಿಂದ ಸಾಕಷ್ಟು ದೂರ ಸರಿಸಿದೆ, ರೆಕ್ಕೆ ಕೆಳಗೆ ಇಳಿಯುವ ಬದಿಗೇ ಹಾಕಿದೆ, ಒಂದು ಬೆರಳು ಕೆಳಗಿಳಿಸಿದೆ. ಸ್ವಲ್ಪ ಸುಧಾರಿಸಿತು ಅನ್ನುವಷ್ಟರಲ್ಲಿ ತೇಲಿ ಬಂದ ಮರದ ದಿಮ್ಮಿ ಬ್ರ್ಯಾಕೆಟನ್ನೇ ಕಿತ್ತುಕೊಂಡು ಹೋಯಿತು. ಹೊಸ ಬ್ರ್ಯಾಕೆಟ್ ಹಾಕಿದರೆ ಬಲೆಯ ಹಗ್ಗ ಸಿಕ್ಕಿಕೊಂಡು ಅದೂ ಬಾಗಿತು. ಹಳೆ ತೂತು ಮುಚ್ಚುವುದು, ಹೊಸದು ಕೊರೆಯುವುದು, ಪ್ರತಿ ಸಲ ಬೋಟು ಮೇಲೆ ಎಳೆಯುವುದು. ಎಳೆಸಿದ ಖರ್ಚನ್ನೆಲ್ಲ ಕೂಡಿದರೆ ಇನ್ನೊಂದು ಒಳ್ಳೆ ಟ್ರಾನ್ಸ್‌ಡ್ಯೂಸರ್ ಬರುತ್ತಿತ್ತು.

ಕೊನೆಗೆ ಕಾಂಬೊದ ಪ್ಲಗ್ಗಿಗೆ ಉಪ್ಪುನೀರು ಹೊಕ್ಕಿತು. ಮೀನೂ ಹೋಯಿತು, ದಾರಿಯೂ ಹೋಯಿತು. ದಿಕ್ಸೂಚಿ ನೋಡಿಕೊಂಡು ದಡ ಸೇರಿದೆವು. ವಾರಂಟಿ ಇದೆಯಲ್ಲ ಅಂತ ಕೇಳಿದರೆ, ನೀರು ಹೋಗಿದ್ದು ನಿಮ್ಮ ಕಡೆಯಿಂದ ಅಂದರು. ನೀರಿನ ಮೇಲೆ ಬಳಸುವ ಸಾಮಾನಿಗೆ ಈ ಉತ್ತರ! ಇರಲಿ. ಅವತ್ತೇ ತೀರ್ಮಾನ ಮಾಡಿದೆ: ಎರಡೂ ಬೇರೆ ಬೇರೆ ಸೆಟ್, ಎರಡೂ ಚಿಕ್ಕ ಸ್ಕ್ರೀನ್, ಉಳಿದ ದುಡ್ಡೆಲ್ಲ ಟ್ರಾನ್ಸ್‌ಡ್ಯೂಸರ್ ಮತ್ತು ವೈರಿಂಗಿಗೆ.

ಈಗ ಒಳಗೆ ಕೂರಿಸಿದ ವಿಷಯ. ಮೊದಲು ನೋಡಬೇಕಾದದ್ದು ತಳದ ಫೈಬರ್ ಗಟ್ಟಿಯಾಗಿದೆಯೇ ಅಂತ. ನಡುವೆ ಫೋಮೋ ಪ್ಲೈವುಡ್ಡೋ ಇದ್ದರೆ ಸದ್ದು ಅಲ್ಲೇ ಸಾಯುತ್ತದೆ. ಮರದ ಬೋಟಿಗೂ ಇದು ಆಗದು. ಗಟ್ಟಿ ಫೈಬರ್ ಆದರೂ ಸದ್ದು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಸೋರುತ್ತದೆ. ಅದಕ್ಕೇ ಪವರ್ ಸ್ವಲ್ಪ ಜಾಸ್ತಿ ಇರಲಿ ಅಂತ 600 ವ್ಯಾಟಿನ ಫೈಂಡರ್, ಅದಕ್ಕೆ ತಕ್ಕ ಟ್ರಾನ್ಸ್‌ಡ್ಯೂಸರ್ ತಂದೆ.

ಅಂಟಿಸುವ ಮುಂಚೆ ಪ್ಲಾಸ್ಟಿಕ್ ಚೀಲದ ಪರೀಕ್ಷೆ ಮಾಡಿದೆ. ದಪ್ಪ ಚೀಲಕ್ಕೆ ನೀರು ತುಂಬಿ, ಟ್ರಾನ್ಸ್‌ಡ್ಯೂಸರ್ ಅದರೊಳಗೆ ಇಳಿಸಿ, ಗಾಳಿ ಹೊರಗೆ ಹಾಕಿ ಬಾಯಿ ಕಟ್ಟಿದೆ. ಬೋಟಿನ ಒಳತಳವನ್ನೂ ಒದ್ದೆ ಮಾಡಿ ಚೀಲ ಒತ್ತಿ ಹಿಡಿದೆ. ಒಂದೊಂದು ಜಾಗದಲ್ಲಿ ಒಂದೊಂದು ಥರ. ಒಂದು ಕಡೆ ತಳ ಸ್ಪಷ್ಟ, ಅಲ್ಲಿಂದ ಎರಡು ಗೇಣು ಸರಿಸಿದರೆ ಮಸುಕು. ಅದೇ ಟ್ರಾನ್ಸ್‌ಡ್ಯೂಸರನ್ನು ಬೋಟಿನ ಪಕ್ಕ ನೀರಿಗೆ ನೇರ ಇಳಿಸಿಯೂ ನೋಡಿದೆ. ಎರಡರ ಚಿತ್ರಕ್ಕೂ ಹೆಚ್ಚು ವ್ಯತ್ಯಾಸ ಇಲ್ಲದ ಜಾಗ ಸಿಗುವವರೆಗೂ ಹುಡುಕಿದೆ. ಬೇಗ ಸಿಗಲಿಲ್ಲ. ಪಕ್ಕದ ಬೋಟಿನವರು ನೋಡಿ ನಕ್ಕರು, ನಗಲಿ. ಆಮೇಲೆ ಪೂರ್ತಿ ವೇಗದಲ್ಲಿ ಓಡಿಸಿ ಮತ್ತೆ ನೋಡಿದೆ. ನಿಂತಾಗ ಚೆನ್ನಾಗಿ ಕಾಣುವ ಜಾಗ ಓಡುವಾಗಲೂ ಚೆನ್ನಾಗಿರಬೇಕು ಅಂತೇನಿಲ್ಲ.

ಬೋಟಿನ ತಳ ಇಳಿಜಾರು, ಟ್ರಾನ್ಸ್‌ಡ್ಯೂಸರ್ ಮಾತ್ರ ನೇರ ಕೆಳಗೆ ನೋಡಬೇಕು. ಅದಕ್ಕೆ ಪಿವಿಸಿ ಪೈಪಿನ ತುಂಡೊಂದನ್ನು ತಳದ ಓರೆಗೆ ಸರಿಯಾಗಿ ಕತ್ತರಿಸಿ ಎಪಾಕ್ಸಿ ಅಂಟಿನಲ್ಲಿ ನಿಲ್ಲಿಸಿದ್ದಾಯಿತು. ಅದರೊಳಗೆ ಹರಳೆಣ್ಣೆ ತುಂಬಿ, ಟ್ರಾನ್ಸ್‌ಡ್ಯೂಸರ್ ಮುಳುಗಿಸಿ ಮುಚ್ಚಳ ಹಾಕಿದೆ. ಹರಳೆಣ್ಣೆ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಸದ್ದು ನೀರಿನಲ್ಲಿ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, ಹರಳೆಣ್ಣೆಯಲ್ಲೂ ಹೆಚ್ಚುಕಮ್ಮಿ ಅಷ್ಟೇ. ನೀರಿನ ಹಾಗೆ ಆರಿಯೂ ಹೋಗುವುದಿಲ್ಲ. ಎಣ್ಣೆಯೊಳಗಿನ ಸಣ್ಣ ಗುಳ್ಳೆ ತೆಗೆಯುವುದೇ ಕಷ್ಟದ ಕೆಲಸ. ಅದಕ್ಕೊಂದು ಉಪಾಯ ಕಂಡುಕೊಂಡಿದ್ದೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮೊದಲ ಪೈಪು ಸೋರಿತು. ಅಂಟಿಸಲು ಕರೆದವರು ಫೈಬರಿನ ಮೇಲಿನ ಪೇಂಟು ಪೂರ್ತಿ ಉಜ್ಜಿ ತೆಗೆಯದೆ ಅಂಟಿಸಿಕೊಟ್ಟಿದ್ದರು. ಎರಡನೆಯದನ್ನು ನಾನೇ ಉಜ್ಜಿ, ಒರೆಸಿ, ಒಣಗಿಸಿ ಅಂಟಿಸಿದೆ. ಇವತ್ತಿನವರೆಗೂ ಹನಿ ಎಣ್ಣೆ ಹೊರಗೆ ಬಂದಿಲ್ಲ. 18 ನಾಟ್‌ನಲ್ಲೂ ತಳ ಬಿಡುವುದಿಲ್ಲ. ಒಂದೇ ಕೊರತೆ, ಉಷ್ಣತೆಯ ಅಂಕಿ ನಂಬುವಂತಿಲ್ಲ. ಅದು ಸಮುದ್ರದ್ದಲ್ಲ, ಬೋಟಿನ ಹೊಟ್ಟೆಯದ್ದು.

ಯಾವ ಫ್ರೀಕ್ವೆನ್ಸಿಯ ಸದ್ದು ಒಳ್ಳೆಯದು ಅನ್ನುವ ಜಗಳ ಮುಗಿಯುವುದೇ ಇಲ್ಲ. ನನ್ನ ಲೆಕ್ಕ ಸರಳ. ನನ್ನ ಟ್ರಾನ್ಸ್‌ಡ್ಯೂಸರಿನಲ್ಲಿ 200 ಕಿಲೋಹರ್ಟ್ಸ್‌ನ ಸದ್ದು ಹರಡುವ ಕೋನ ಸುಮಾರು 12 ಡಿಗ್ರಿ, 50ರದ್ದು 45. ಇಪ್ಪತ್ತು ಮಾರು (ಸುಮಾರು 36 ಮೀಟರ್) ನೀರಿನಲ್ಲಿ 200 ನೋಡುವುದು ಏಳೆಂಟು ಮೀಟರ್ ಅಗಲದ ತಳ, 50 ನೋಡುವುದು 30 ಮೀಟರ್. ಮೀನು ಇದೆಯೋ ಇಲ್ಲವೋ ಅಂತ ಹುಡುಕಲು 50. ಅದು ಬೋಟಿನ ಕೆಳಗೇ ಇದೆಯೋ ಅಂತ ತಿಳಿಯಲು 200. ಚಿರ್ಪ್, ಅಂದರೆ ಒಂದೇ ಫ್ರೀಕ್ವೆನ್ಸಿ ಬದಲು ಹಲವನ್ನು ಸಾಲಾಗಿ ಬಿಡುವ ಬಗೆ, ಒಳ್ಳೆಯದೇ. ಒಂದಕ್ಕೊಂದು ಅಂಟಿಕೊಂಡ ಮೀನುಗಳನ್ನೂ ಬಿಡಿಸಿ ತೋರಿಸುತ್ತದೆ. ಆದರೆ ಅದಕ್ಕೆ ತಕ್ಕ ಟ್ರಾನ್ಸ್‌ಡ್ಯೂಸರ್ ಇಲ್ಲದೆ ಚಿರ್ಪ್ ಅಂತ ಹೆಸರಿಗೆ ಮಾತ್ರ ದುಡ್ಡು ಕೊಡಬೇಡಿ.

ಪ್ರತಿಧ್ವನಿಯನ್ನು ಮೀನಿನ ಚಿತ್ರವಾಗಿ ತೋರಿಸುವ ಫಿಶ್ ಐಡಿಯನ್ನು ನಾನು ಮೊದಲ ದಿನವೇ ಆಫ್ ಮಾಡುತ್ತೇನೆ. ಕಸ, ಗುಳ್ಳೆ ಎಲ್ಲಕ್ಕೂ ಮೀನಿನ ಚಿತ್ರ ಬಿಡಿಸುತ್ತದೆ. ನಾನು ನೋಡುವುದು ಎರಡನೇ ಪ್ರತಿಧ್ವನಿ. ನಿಜವಾದ ತಳದ ಎರಡರಷ್ಟು ಆಳದಲ್ಲಿ ಇನ್ನೊಂದು ತಳ ಕಂಡರೆ ಕೆಳಗೆ ಕಲ್ಲು, ಕಾಣದಿದ್ದರೆ ಕೆಸರು. ಇನ್ನೊಂದು ವಿಷಯ, ಅಂಜಲ್ ಮೀನಿನ ಹೊಟ್ಟೆಯಲ್ಲಿ ಗಾಳಿಚೀಲ ಇಲ್ಲ. ಸದ್ದು ಜೋರಾಗಿ ವಾಪಸ್ ಬರುವುದು ಗಾಳಿಚೀಲದಿಂದ, ಹಾಗಾಗಿ ಅಂಜಲ್ ತೆಳ್ಳಗೆ ಕಾಣುತ್ತದೆ. ದಪ್ಪ ಕೆಂಪು ಗುರುತಿಗೇ ಕಾದು ಕೂತರೆ ಅಂಜಲ್ ಕೈ ತಪ್ಪುತ್ತದೆ. ಅದಕ್ಕೆ ಗೇನ್ (ಪ್ರತಿಧ್ವನಿ ಹಿಗ್ಗಿಸುವ ಮಟ್ಟ) ಎಷ್ಟು ಇಡಬೇಕು ಅಂತ ಕೇಳಬೇಡಿ, ಹೇಳೋದಿಲ್ಲ.

ವೈರಿಂಗ್ ವಿಷಯಕ್ಕೆ ಬಂದರೆ, ಎಂಜಿನ್ ಸ್ಟಾರ್ಟ್ ಮಾಡುವಾಗ 12 ವೋಲ್ಟ್ ಬ್ಯಾಟರಿ 10ರ ಹತ್ತಿರ ಇಳಿಯುತ್ತದೆ, ಸೆಟ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಫೈಂಡರ್, ಜಿಪಿಎಸ್‌ಗೆ ಬೇರೆ ಚಿಕ್ಕ ಬ್ಯಾಟರಿ ಕೊಟ್ಟ ಮೇಲೆ ಆ ರಗಳೆ ನಿಂತಿತು. ಸ್ಕ್ರೀನಿನಲ್ಲಿ ಮಳೆ ಬಿದ್ದ ಹಾಗೆ ಗೆರೆ ಬರುತ್ತಿದ್ದದ್ದೂ ಅರ್ಧ ಹೋಯಿತು. ಉಳಿದರ್ಧಕ್ಕೆ ಕಾರಣ ಹುಡುಕಲು ಒಂದೊಂದೇ ಸ್ವಿಚ್ ಆಫ್ ಮಾಡುತ್ತಾ ಹೋದೆ. ಸಿಕ್ಕಿದ್ದು ಅಗ್ಗದ ಎಲ್‌ಇಡಿ ಲೈಟು! ಟ್ರಾನ್ಸ್‌ಡ್ಯೂಸರಿನ ಕೇಬಲನ್ನು ಪವರ್ ವೈರಿನ ಜೊತೆ ಸೇರಿಸಿ ಕಟ್ಟಬೇಡಿ. ಉದ್ದ ಜಾಸ್ತಿ ಆಯಿತು ಅಂತ ಕತ್ತರಿಸಲೂ ಬೇಡಿ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ನೀರಿಗೆ ಎಸೆಯುವ ಚೆಂಡಿನಂಥ ಫೈಂಡರ್ ಬರುತ್ತದಲ್ವಾ, ಚಿತ್ರ ಮೊಬೈಲಿಗೆ ಬರುವಂಥದ್ದು. ನಿಂತ ನೀರಿನಲ್ಲಿ ಪರವಾಗಿಲ್ಲ. ಅಲೆ ಇದ್ದ ಕಡೆ ಚೆಂಡು ಕುಣಿಯುತ್ತದೆ, ತಳವೂ ಕುಣಿಯುತ್ತದೆ. ಮೊಬೈಲ್ ಸ್ಕ್ರೀನ್ ಬಿಸಿಲಿಗೆ ಕಾಣುವುದೂ ಇಲ್ಲ. ಈಗ ಮಕ್ಕಳು ಆಡುತ್ತಾರೆ.

ಜಿಪಿಎಸ್ 5 ಇಂಚಿನದು. ಅಷ್ಟು ಚಿಕ್ಕದರಲ್ಲಿ ಏನು ಕಾಣುತ್ತದೆ ಅಂತ ಬೋಟು ನಡೆಸುವ ತಾಂಡೇಲನೇ ಗೊಣಗಿದ್ದ. ನನಗೆ ಬೇಕಿದ್ದದ್ದು ಬಿಸಿಲಿನಲ್ಲಿ ಓದಲು ಬರುವ ಸ್ಕ್ರೀನ್, ಒದ್ದೆ ಕೈಯಲ್ಲಿ ಒತ್ತಲು ಗುಂಡಿ, ಉಳಿಸಿಟ್ಟ ಜಾಗಗಳ ಗುರುತುಗಳನ್ನು ಮೆಮೊರಿ ಕಾರ್ಡಿಗೆ ಇಳಿಸುವ ಸೌಲಭ್ಯ. ಅಷ್ಟೇ. ತಂಪು ಕನ್ನಡಕ ಹಾಕಿಕೊಂಡೇ ಅಂಗಡಿಯಲ್ಲಿ ನೋಡಿ. ಪೋಲರೈಸ್ಡ್ ಕನ್ನಡಕಕ್ಕೆ ಕೆಲವು ಸ್ಕ್ರೀನ್ ಪೂರ್ತಿ ಕಪ್ಪಾಗಿ ಕಾಣುತ್ತವೆ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ತಾರೀಕು ಸರಿಯಾಗಿದೆಯೇ ನೋಡಿ. 2019ರ ಏಪ್ರಿಲ್ 6ರಂದು ಜಿಪಿಎಸ್‌ನ ವಾರದ ಲೆಕ್ಕ 1024 ಮುಗಿಸಿ ಮತ್ತೆ ಸೊನ್ನೆಗೆ ಬಂತು, ಕೆಲವು ಹಳೆ ಸೆಟ್‌ಗಳ ತಾರೀಕು ಸುಮಾರು ಇಪ್ಪತ್ತು ವರ್ಷ ಹಿಂದಕ್ಕೆ ಹೋಯಿತು.

ಒಬ್ಬರಿಗೊಬ್ಬರು ಜಾಗದ ಗುರುತು ಕೊಟ್ಟು ತೆಗೆದುಕೊಳ್ಳುವಾಗ ನಡೆಯುವ ಗಲಾಟೆಯೊಂದಿದೆ. ಗೆಳೆಯನೊಬ್ಬ ಒಂದು ಕಲ್ಲಿನ ಜಾಗ ಕೊಟ್ಟ. ಅವನ ಸೆಟ್‌ನಲ್ಲಿ ಜಾಗದ ಡಿಗ್ರಿಯ ಮುಂದೆ ಮಿನಿಟು 25.50, ಅಂದರೆ ಇಪ್ಪತ್ತೈದೂವರೆ, ಅಂತಿತ್ತು. ನನ್ನದು ಮಿನಿಟು, ಸೆಕೆಂಡು ತೋರಿಸುವಂತೆ ಇಟ್ಟಿತ್ತು. 25 ಮಿನಿಟು 50 ಸೆಕೆಂಡು ಅಂತ ಒತ್ತಿದರೆ 600 ಮೀಟರ್ ಆಚೆ ಬರೀ ಕೆಸರು. ಸರಿಯಾದದ್ದು 25 ಮಿನಿಟು 30 ಸೆಕೆಂಡು. ಅವನು ಬೇಕಂತಲೇ ತಪ್ಪು ಕೊಟ್ಟ ಅಂತ ನಮ್ಮ ಬೋಟಿನವರು ಬೈದದ್ದೇ ಬೈದದ್ದು. ಮೇ 2000ಕ್ಕಿಂತ ಮುಂಚಿನ ಗುರುತು ಯಾರ ಪುಸ್ತಕದಲ್ಲಾದರೂ ಇದ್ದರೆ ಅದನ್ನೂ ಮತ್ತೆ ಹುಡುಕಿಯೇ ಬಳಸಿ. ಆಗ ಅಮೆರಿಕದವರು ಸಿಗ್ನಲನ್ನು ಬೇಕಂತಲೇ ಕೆಡಿಸಿ ಬಿಡುತ್ತಿದ್ದರು, 100 ಮೀಟರ್‌ವರೆಗೂ ತಪ್ಪಿರಬಹುದು.

ಸ್ಕ್ರೀನಿನ ನಡುವೆ ಮೀನು ಕಂಡಾಗ ಗುಂಡಿ ಒತ್ತುವವರಿಗೂ ಒಂದು ಮಾತು. ಈಗಿನದ್ದು ಬಲ ಅಂಚಿನಲ್ಲಿರುವುದು ಮಾತ್ರ, ಉಳಿದದ್ದೆಲ್ಲ ದಾಟಿ ಬಂದದ್ದು. 6 ನಾಟ್ ಅಂದರೆ ಸೆಕೆಂಡಿಗೆ 3 ಮೀಟರ್. ಇಪ್ಪತ್ತು ಸೆಕೆಂಡು ತಡವಾಗಿ ಒತ್ತಿದರೆ ಮೀನು 60 ಮೀಟರ್ ಹಿಂದೆ ಉಳಿದಿರುತ್ತದೆ.

ಎರಡೂ ಸೆಟ್, ಟ್ರಾನ್ಸ್‌ಡ್ಯೂಸರ್, ಬ್ಯಾಟರಿ, ಪೈಪು, ಎಪಾಕ್ಸಿ, ಎಣ್ಣೆ ಎಲ್ಲ ಸೇರಿ ಆ 9 ಇಂಚಿನ ಕಾಂಬೊದ ಮುಕ್ಕಾಲು ಬೆಲೆಯೊಳಗೆ ಮುಗಿಯಿತು. ಬೋಟು ಎಳೆಸುವ ಖರ್ಚು ಉಳಿದದ್ದು ಬೇರೆ. ನೂರು ಮಾರಿನಾಚೆ ಹೋಗುವವರಿಗೆ ನನ್ನ ಲೆಕ್ಕ ಹೊಂದುವುದಿಲ್ಲ. ಅಲ್ಲಿ 1 ಕಿಲೋವ್ಯಾಟ್ ಬೇಕು, ಟ್ರಾನ್ಸ್‌ಡ್ಯೂಸರನ್ನು ತಳ ಕೊರೆದು ನೀರಿಗೇ ಇಳಿಸುವುದು ವಾಸಿ. ಪೈಪಿನ ಅಳತೆ ಬೇಕಾದವರು ಮೊದಲು ಚೀಲದ ಪರೀಕ್ಷೆ ಮಾಡಿ, ಆಮೇಲೆ ಕೇಳಿ.