ಪಿಸ್ಟನ್ ಮೇಲಿನ ಆ ಬೂದು ಲೇಪನವನ್ನು ಉಜ್ಜಬೇಡಿ

ಹೊಸ ಪಿಸ್ಟನ್ ಡಬ್ಬದಿಂದ ತೆಗೆದಾಗ ರಿಂಗ್‌ಗಳ ಕೆಳಗೆ, ಸ್ಕರ್ಟ್ ಅನ್ನುವ ಪಕ್ಕದ ಭಾಗದ ಮೇಲೆ, ಕಡು ಬೂದು ಬಣ್ಣದ ಪಟ್ಟೆ ಕಾಣುತ್ತದೆ ಅಲ್ವಾ? ಮುಟ್ಟಿದರೆ ಪೆನ್ಸಿಲ್ ಸೀಸದ ಹಾಗೆ ನುಣುಪು. ಮೈಸೂರಿನಲ್ಲಿ ಕೆಲಸ ಕಲಿಯುತ್ತಿದ್ದಾಗ ನಾನು ಅದನ್ನು ಕೊಳೆ ಅಂದುಕೊಂಡೆ. ಎಮರಿ ಪೇಪರ್ ಹಿಡಿದು ತಿಕ್ಕಿ ಬೆಳ್ಳಗೆ ಮಾಡಿ, ಒಂದು ಆರ್‌ಎಕ್ಸ್ 100ಕ್ಕೆ ಹಾಕಿಬಿಟ್ಟೆ. ಮೂರನೇ ದಿನ ಚಾಮುಂಡಿ ಬೆಟ್ಟ ಹತ್ತುವಾಗ ಗಾಡಿ ಸೀಜ್ ಆಯಿತು, ಅಂದರೆ ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಂಡಿತು, ಹಿಂದಿನ ಚಕ್ರ ತಟ್ಟನೆ ಕಟ್ಟಿಕೊಂಡಿತು. ಗಾಡಿಯವರು ಮಗಳನ್ನು ಹಿಂದೆ ಕೂರಿಸಿಕೊಂಡಿದ್ದರು. ಯಾರಿಗೂ ಏನೂ ಆಗಲಿಲ್ಲ. ಬಿಚ್ಚಿದರೆ ಎಕ್ಸಾಸ್ಟ್ ಕಡೆ ಉದ್ದುದ್ದ ಗೀರು, ಬೋರ್‌ಗೆ (ಸಿಲಿಂಡರಿನ ಒಳಗೋಡೆಗೆ) ಅಲ್ಯೂಮಿನಿಯಂ ಮೆತ್ತಿಕೊಂಡಿತ್ತು.

ಪಿಸ್ಟನ್ ಅಲ್ಯೂಮಿನಿಯಂ, ಇಂಥ ಗಾಡಿಗಳಲ್ಲಿ ಬೋರ್ ಕಬ್ಬಿಣ. ಬಿಸಿಯಾದಾಗ ಅಲ್ಯೂಮಿನಿಯಂ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ನಡುವಿನ ಸಂದು ಕಿರಿದಾಗಿ ಆಯಿಲ್ ಪದರ ಹರಿದರೆ ಲೋಹಕ್ಕೆ ಲೋಹ ತಾಗುತ್ತದೆ. ಆ ಹೊತ್ತಿಗೆ ಅಡ್ಡ ನಿಲ್ಲುವುದೇ ಈ ಲೇಪನ. ರೆಸಿನ್‌ನಲ್ಲಿ ಗ್ರಾಫೈಟ್ ಅಥವಾ ಮಾಲಿಬ್ಡಿನಮ್ ಡೈಸಲ್ಫೈಡ್ ಬೆರೆಸಿ ಹಚ್ಚಿರುತ್ತಾರೆ, ಸಾಮಾನ್ಯವಾಗಿ 10ರಿಂದ 20 ಮೈಕ್ರಾನ್ (0.01ರಿಂದ 0.02 ಮಿ.ಮೀ.) ದಪ್ಪ. ಬೆಳಗ್ಗೆ ತಣ್ಣಗಿರುವ ಎಂಜಿನ್‌ಗೆ ಕಿಕ್ ಹೊಡೆದಾಗಲೂ ಸವೆತ ಕಡಿಮೆ, ಕಟಕಟ ಸದ್ದೂ ಕಡಿಮೆ.

ಪಿಸ್ಟನ್ ತಲೆಗೆ ಹಚ್ಚುವ ಸೆರಾಮಿಕ್ ಲೇಪನದ ಕೆಲಸ ಬೇರೆ. ಅದು ಉರಿಯ ಬಿಸಿ ಪಿಸ್ಟನ್‌ಗೆ ಇಳಿಯುವುದನ್ನು ತಡೆಯುತ್ತದೆ. ರೇಸ್ ಓಡಿಸುವವರು ಹಾಕಿಸಲಿ. ದಿನಾ ಆಫೀಸಿಗೆ ಹೋಗುವ ಗಾಡಿಗೆ ಸುಮ್ನೆ ದುಡ್ಡು ಹಾಕಬೇಡಿ.

ಈಗ ಕೂರಿಸುವ ವಿಷಯ. ಮೊದಲು ಪಿಸ್ಟನ್ ಕೊಳ್ಳಿ, ಆಮೇಲೆ ಅದನ್ನೇ ಲೇತ್‌ನವರ ಕೈಗೆ ಕೊಟ್ಟು ಅದರ ಅಳತೆಗೆ ಸಿಲಿಂಡರ್ ಬೋರ್ ಮಾಡಿಸಿ. ಎಷ್ಟು ಸಂದು ಬಿಡಬೇಕು, ಯಾವ ಎತ್ತರದಲ್ಲಿ ಅಳೆಯಬೇಕು ಅನ್ನುವುದಕ್ಕೆ ಪಿಸ್ಟನ್ ಕಂಪನಿಯ ಚೀಟಿಯನ್ನೇ ನಂಬಿ. ಕೆಲವು ಪಿಸ್ಟನ್‌ಗಳಲ್ಲಿ ಲೇಪನದ ನಡುವೆ ಒಂದು ಚಿಕ್ಕ ಬರಿ ಚುಕ್ಕಿ ಬಿಟ್ಟಿರುತ್ತಾರೆ, ಮೈಕ್ರೋಮೀಟರ್ ಇಡುವ ಜಾಗ ಅದು. ಲೇಪನದ ಮೇಲೆ ಇಟ್ಟು ಅಳೆದರೆ ಎರಡೂ ಪಕ್ಕ ಸೇರಿ 0.02ರಿಂದ 0.04 ಮಿ.ಮೀ. ಜಾಸ್ತಿ ಬಂದೀತು. ಇಡೀ ಸಂದೇ ಕೆಲವು ನೂರನೇ ಮಿ.ಮೀ. ಇರುವಾಗ ಅದು ಸಣ್ಣ ತಪ್ಪಲ್ಲ.

ಹೋನಿಂಗ್ (ಬೋರ್ ಒಳಗೆ ಕಲ್ಲು ಆಡಿಸಿ ಉಜ್ಜುವುದು) ಆದಮೇಲೆ ಬೋರನ್ನು ಪೆಟ್ರೋಲಿನಲ್ಲಿ ಒರೆಸಿ ಬಿಡಬೇಡಿ. ಬಿಸಿನೀರು, ಸೋಪು, ಬ್ರಷ್ ಹಾಕಿ ತೊಳೆಯಿರಿ. ಬಿಳಿ ಬಟ್ಟೆ ಒಳಗೆ ಆಡಿಸಿ ನೋಡಿ. ಬಟ್ಟೆ ಬೂದಾದರೆ ಮತ್ತೆ ತೊಳೆಯಿರಿ, ಐದು ಸಲ ಆದರೂ ಸರಿ. ಒಳಗೆ ಉಳಿದ ಕಲ್ಲಿನ ಪುಡಿ ಲೇಪನವನ್ನು ಕೆರೆದು ಹಾಕುತ್ತದೆ. ಒಣಗಿದ ತಕ್ಷಣ ಆಯಿಲ್ ಸವರಿ, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ.

ಟು-ಸ್ಟ್ರೋಕ್ ಆದರೆ ತಲೆಯ ಮೇಲಿನ ಬಾಣ ಎಕ್ಸಾಸ್ಟ್ ಕಡೆ ಇರಲಿ. ರಿಂಗ್ ಬಾಯಿ ಪಿಸ್ಟನ್ ಗ್ರೂವ್ ಒಳಗಿನ ಪಿನ್‌ಗೆ ಸರಿಯಾಗಿ ಕೂರಲಿ. ಪಿಸ್ಟನ್ ಪಿನ್ ಜಾರದಂತೆ ಹಿಡಿಯುವ ಸರ್ಕ್ಲಿಪ್ ಮಾತ್ರ ಹೊಸದೇ ಹಾಕಿ.

ಮುಂದೆ ಯಾವಾಗಲಾದರೂ ಬಿಚ್ಚಿದಾಗ ತಲೆಯ ಮೇಲಿನ ಕರಿಯನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಬಿದಿರು ಕಡ್ಡಿಯಲ್ಲಿ ಕೆರೆಯಿರಿ. ಸ್ಕರ್ಟ್‌ಗೆ ಮೆತ್ತನೆ ಬಟ್ಟೆ ಸಾಕು. ಲೇಪನ ಅಲ್ಲಲ್ಲಿ ಸ್ವಲ್ಪ ಹೊಳೆಯುತ್ತಿದ್ದರೆ ಚಿಂತೆ ಬೇಡ. ಚಕ್ಕೆ ಚಕ್ಕೆಯಾಗಿ ಎದ್ದಿದ್ದರೆ ಆಯಿಲ್ ಅಥವಾ ಪೆಟ್ರೋಲ್ ಕಡಿಮೆ ಹೋಗುತ್ತಿರಬಹುದು; ಹೊಸ ಪಿಸ್ಟನ್ ಹಾಕುವ ಮೊದಲು ಆಯಿಲ್ ಪಂಪ್ ಕೇಬಲ್, ಕಾರ್ಬುರೇಟರ್ ಜೆಟ್ ಎರಡನ್ನೂ ನೋಡಿ.